ಮಳೆಗಾಲದಲ್ಲೇ ಜೇನು, ಯಾಲಕ್ಕಿಗೆ ಕಾಯಿ – ನನ್ನ ಅನುಭವ

ಆರ್ದ್ರಾ, ಪುನರ್ವಸು ಮಳೇಲಿ ಜೇನು ಹೊರಗೇ ಬೀಳೋದಿಲ್ಲ, ಯಾಲಕ್ಕಿಗೂ ಜೇನಿಗೂ ಎಂತದೂ ಸಂಬಂಧ ಇಲ್ಲ ಅಂತ ನಂಗೆ ಬುದ್ಧಿ ಹೇಳಿದವರಲ್ಲೇ ಎರಡು-ಮೂರು ಮನೆಯವರು ಈ ವರ್ಷ ಜೇನು ಪಾಲು (ಪೆಟ್ಟಿಗೆಯ ಕುಟುಂಬ ಒಡೆದು ಮಾಡಿದ ಹೊಸ ಕುಟುಂಬ) ಕೇಳ್ಕಂಡು ಬಂದಿದ್ದಾರೆ. ಅದಕ್ಕೇ ಬರೀತಾ ಇದ್ದೇನೆ. ಪೆಟ್ಟಿಗೆ ಹಿಡಿಯೋದು, ಪಾಲು ಮಾಡೋದು, ರಾಣಿ ಗೇಟು, ಇದೆಲ್ಲ ಇಲ್ಲಿ ಓದೋರಿಗೆ ಗೊತ್ತಿರ್ತದೆ, ಅದನ್ನ ಮತ್ತೆ ಹೇಳೋದಿಲ್ಲ.

ನಮ್ಮದು ಶಿರಸಿ-ಸಿದ್ದಾಪುರ ಮಧ್ಯದ ಊರು, ಎರಡು ಎಕರೆ ಚಿಲ್ಲರೆ ಅಡಿಕೆ ತೋಟ, ಅದರೊಳಗೆ ಯಾಲಕ್ಕಿ 600-650 ಹಿಂಡು ಇರಬಹುದು, ಮೆಣಸು, ಒಂದಷ್ಟು ಕೊಕ್ಕೋ. ಯಾಲಕ್ಕಿ ಹೂವಿಗೆ ಯಾವತ್ತೂ ಕೊರತೆ ಇರ್ಲಿಲ್ಲ. ಜೂನಿಂದ ಆಗಸ್ಟ್ ತನಕ ಬುಡದಲ್ಲಿ ತೆನೆ ತುಂಬ ಬಿಳಿ ಹೂ, ಆದ್ರೆ ಕಾಯಿ ಕಚ್ಚೋದೇ ಕಮ್ಮಿ. ಒಣಗಿದ ಮೇಲೆ 22-25 ಕೆಜಿ ಸಿಕ್ಕರೆ ದೊಡ್ಡದು. ಕೃಷಿ ಗೊತ್ತಿದ್ದವರನ್ನೆಲ್ಲ ಕೇಳಿದ್ದೆ. ಒಬ್ಬರು ಬೋರಾನ್ ಪೋಷಕಾಂಶ ಕಮ್ಮಿ ಅಂದ್ರು, ಒಬ್ಬರು ನೆರಳು ಜಾಸ್ತಿ ಅಂದ್ರು, ಇನ್ನೊಬ್ಬರು ಕಟ್ಟೆ ರೋಗ ಶುರು ಆಗಿದೆ ಕಿತ್ತು ಹಾಕಿ ಅಂದ್ರು. ಕಟ್ಟೆ ರೋಗ ಅಂದ್ರೆ ಎಲೆ ನೋಡಿದ್ರೇ ಗೊತ್ತಾಗ್ತದೆ, ತಿಳಿ ಹಸಿರು ಗೀರು ಬರ್ತದೆ, ನಮ್ಮ ಗಿಡದಲ್ಲಿ ಅದು ಇರ್ಲೇ ಇಲ್ಲ. ಬೋರಾನ್ ಒಂದು ವರ್ಷ ಹೊಡೆದು ದುಡ್ಡು ಹೋದದ್ದೇ ಬಂತು.

ಹೂವಿಗೆ ಯಾರು ಬರ್ತಾರೆ ಅಂತ ಒಬ್ಬರೂ ಕೇಳ್ಲಿಲ್ಲ. ಇದು ನಂಗೆ ಈಗ್ಲೂ ಆಶ್ಚರ್ಯ. ಯಾಕಂದ್ರೆ ನಮ್ಮ ಕಡೆಯವರಿಗೆ ಜೇನು ಗೊತ್ತಿಲ್ಲ ಅಂತ ಅಲ್ಲ. ತುಡುವೆ (ಪೆಟ್ಟಿಗೆಯಲ್ಲಿ ಸಾಕೋ ನಮ್ಮ ನಾಡ ಜೇನು), ಹೆಜ್ಜೇನು, ಕೋಲುಜೇನು, ಮಿಸರಿ (ಮುಳ್ಳಿಲ್ಲದ ಸಣ್ಣ ಜೇನು), ನಾಕಕ್ಕೂ ಹೆಸರು ಗೊತ್ತು, ಯಾವ ಪೊಟರೇಲಿ ಕೂರ್ತದೆ, ನೇರಳೆ ಹೂ ಬಿಟ್ಟಾಗ ಜೇನುತುಪ್ಪ ಎಷ್ಟು ಆಗ್ತದೆ, ಎಲ್ಲ ಬಾಯಲ್ಲೇ ಇದೆ. ಆದ್ರೆ ಹೂವಿನ ಮೇಲೆ ಕೂತು ಅದು ಎಂತ ಮಾಡ್ತದೆ ಅಂತ ಕೇಳಿ ನೋಡಿ, 'ತುಪ್ಪ ಕುಡೀತದೆ' ಅನ್ನೋ ಉತ್ತರ ಬಿಟ್ರೆ ಬೇರೆ ಬರೋದಿಲ್ಲ. ಕೆಲವರಂತೂ ಜೇನು ಬಂದು ಹೂವಿನ ಸತ್ವ ಹೀರ್ಕಂಡು ಹೋಗ್ತದೆ, ಅದಕ್ಕೇ ಹೂ ಉದುರೋದು ಅಂತ ನಂಬ್ಕಂಡಿದ್ದಾರೆ. ಜೇನಲ್ಲದ್ದು ಏನಿದ್ರೂ ಒಂದೋ ನೊಣ, ಇಲ್ಲಾ ಹುಳ. ಹುಳ ಅಂದ್ಮೇಲೆ ಮದ್ದು ಹೊಡಿಯೋದು.

ಇದರಲ್ಲಿ ಹೆಂಗಸರ ತಿಳುವಳಿಕೆ ಬೇರೆ. ನಮ್ಮ ಆಯಿ ಹಿತ್ಲಲ್ಲಿ ಸೀಗುಂಬಳಕ್ಕೆ ಬೆಳಿಗ್ಗೆ ಬೆಳಿಗ್ಗೆನೇ ಗಂಡು ಹೂ ಕೊಯ್ದು ಎಸಳು ಬಿಡಿಸಿ ಹೆಣ್ಣು ಹೂವಿಗೆ ತಾಗಿಸ್ತಿದ್ದಳು. 'ತಾಗ್ಸದೇ ಇದ್ರೆ ಮಿಡಿ ಹಳದಿಯಾಗಿ ಉದರ್ತು' ಅಂತ ಹೇಳ್ತಿದ್ದಳು. ಮಡಹಾಗಲದ್ದು ಗಂಡು ಬಳ್ಳಿ ಬೇರೆ ಹೆಣ್ಣು ಬಳ್ಳಿ ಬೇರೆ ಅಂತ ನಂಗೆ ಗೊತ್ತಾದದ್ದೂ ಅವಳಿಂದ. ಗಂಡಸರೂ ಕಲಿಯದೇ ಇರ್ಲಿಲ್ಲ, ವೆನಿಲ್ಲಾ ಬಂದ ಕಾಲ ನೆನಪಿದೆಯಲ್ಲ, 2003-04ರ ಹೊತ್ತಿಗೆ ರೇಟು ಹುಚ್ಚುಹುಚ್ಚಾಗಿ ಏರಿತ್ತು, ಊರಿಗೆ ಊರೇ ಹೂವಿಗೆ ಪರಾಗ ತಾಗಿಸ್ಲಿಕ್ಕೆ ಕಡ್ಡಿ ಹಿಡ್ಕಂಡು ಬೆಳಿಗ್ಗೆ ತೋಟದಲ್ಲಿ ನಿಂತಿತ್ತು. ಆ ಕಡ್ಡಿ ವಿದ್ಯೆ ಕಂಡುಹಿಡಿದದ್ದು 1841ರಲ್ಲಿ ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್, ಹನ್ನೆರಡು ವರ್ಷದ ಗುಲಾಮ ಹುಡುಗ. ವೆನಿಲ್ಲಾದ ತವರು ಮೆಕ್ಸಿಕೋ ಕಡೆ, ಅಲ್ಲಿ ಅದಕ್ಕೆ ಒಗ್ಗಿದ ಜೇನು ನಮ್ಮಲ್ಲಿಲ್ಲ, ಅದಕ್ಕೇ ನಾವು ಕೈಯಲ್ಲಿ ಮಾಡಬೇಕಾಯ್ತು. ವೆನಿಲ್ಲಾಕ್ಕೆ ಇದನ್ನ ಒಪ್ಪಿದವರು ಪಕ್ಕದಲ್ಲೇ ಇರೋ ಯಾಲಕ್ಕಿಗೆ ಯಾಕೆ ಒಪ್ಪೋದಿಲ್ಲ ಅಂತ ನಾನು ಎಷ್ಟೋ ಜನರ ಹತ್ರ ವಾದ ಮಾಡಿದ್ದೇನೆ.

ವಾದದಿಂದ ಆಗ್ಲಿಲ್ಲ, ಸೊಳ್ಳೆ ಪರದೆಯಿಂದ ಆಯ್ತು. ಹಳೇ ಪರದೆ ಕತ್ತರಿಸಿ ಬಿದಿರು ಸೀಳಿನ ಗೂಡು ಮಾಡಿ ನಾಕೈದು ಹಿಂಡಿನ ತೆನೆಗಳ ಮೇಲೆ ಮುಚ್ಚಿದೆ. ಪಕ್ಕದ ಹಿಂಡು ತೆರೆದೇ ಬಿಟ್ಟೆ. ಗೊಬ್ಬರ ಅದೇ, ನೆರಳು ಅದೇ, ಮಳೆ ಅದೇ. ಸೆಪ್ಟೆಂಬರ್ ಹೊತ್ತಿಗೆ ಮುಚ್ಚಿದ ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಯಿ, ತೆರೆದ ತೆನೆಯಲ್ಲಿ ಅದರ ಏಳೆಂಟು ಪಟ್ಟು. ಪಕ್ಕದ ತೋಟದ ಭಾವ ಬಂದು ನೋಡಿದ. 'ಗಾಳಿ ಇಲ್ದೇ ಒಣಗಿದ್ದು ಮಾರಾಯ, ಜೇನಿಂದ ಅಲ್ಲ' ಅಂದ. ಮುಂದಿನ ವರ್ಷ ಅದೇ ಪರದೆ ಒಳಗೆ ಇನ್ನೊಂದು ಕೆಲಸ ಮಾಡಿದೆ, ಒಂದು ಹಿಂಡಿನ ಹೂವಿಗೆ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಕಡ್ಡಿಯಲ್ಲಿ ಪರಾಗ ತಾಗಿಸಿದೆ, ಉಳಿದದ್ದು ಹಾಗೇ ಬಿಟ್ಟೆ. ಕಡ್ಡಿ ತಾಗಿಸಿದ್ದು ಪರದೆ ಒಳಗೇ ಕಚ್ಚಿತು. ಗಾಳಿಯ ಮಾತು ಅಲ್ಲಿಗೆ ನಿಂತಿತು. ಯಾರಿಗಾದ್ರೂ ಸಂಶಯ ಇದ್ರೆ ಇದನ್ನೇ ಮಾಡಿ, ಖರ್ಚು ನೂರು ರೂಪಾಯಿನೂ ಇಲ್ಲ.

ಯಾಲಕ್ಕಿ ಹೂ ಅರಳೋದು ನಸುಕಿನಲ್ಲಿ, ಬೆಳಕು ಹರಿಯೋ ಹೊತ್ತಿಗೆ ಪೂರ್ತಿ ಬಿಚ್ಚಿರ್ತದೆ. ಕೆಳಗೆ ಅಗಲದ ಬಿಳಿ ತುಟಿ, ಅದರ ಮೇಲೆ ನೇರಳೆ-ಗುಲಾಬಿ ಗೀರು. ತುಡುವೆ ಬಂದು ಆ ತುಟಿ ಮೇಲೆ ಇಳೀತದೆ, ಗೀರು ಹಿಡಿದು ಒಳಗೆ ತಲೆ ತೂರಿಸ್ತದೆ. ಮಕರಂದ ಇರೋದು ಕೊಳವೆಯ ಬುಡದಲ್ಲಿ, ಅಲ್ಲಿ ತನಕ ನಾಲಿಗೆ ಮುಟ್ಟಬೇಕು ಅಂದ್ರೆ ಎದೆ ತನಕ ನುಗ್ಗಬೇಕು. ಆಗ ಮೇಲಿನ ಪರಾಗ ಕೋಶಕ್ಕೆ ಬೆನ್ನು ಉಜ್ಜಿ ಬೆನ್ನ ಮೇಲೆ ಬಿಳಿ ಹುಡಿ ಕೂರ್ತದೆ. ಶಲಾಕೆಯ (ಹೂವಿನ ಹೆಣ್ಣು ಭಾಗದ) ತುದಿ ಪರಾಗ ಕೋಶಕ್ಕಿಂತ ಒಂಚೂರು ಮುಂದೆ ಚಾಚಿರ್ತದೆ, ಹಾಗಾಗಿ ಮುಂದಿನ ಹೂವಿಗೆ ಹೋದಾಗ ಬೆನ್ನು ಮೊದಲು ತಾಗೋದು ಅದಕ್ಕೆ. ಪರಾಗ ಅಲ್ಲೇ ಪಕ್ಕದಲ್ಲಿದ್ರೂ ತಾನಾಗಿ ಆ ತುದಿಗೆ ಹತ್ತೋದಿಲ್ಲ. ಮಧ್ಯಾಹ್ನ ಆದ್ಮೇಲೆ ಹೂ ಬಾಡ್ಲಿಕ್ಕೆ ಶುರು, ಸಂಜೆಗೆ ಮುಗೀತು, ಮರುದಿನಕ್ಕೆ ಉಳಿಯೋದಿಲ್ಲ. ಅಂದ್ರೆ ಪ್ರತಿ ಹೂವಿಗೂ ಒಂದೇ ಬೆಳಿಗ್ಗೆ. ಆ ಬೆಳಿಗ್ಗೆ ಪೂರ್ತಿ ಮಳೆ ಹೊಡೀತು ಅಂದ್ರೆ ಆ ದಿನದ ಹೂವೆಲ್ಲ ನಷ್ಟ, ಒಂದು ತಾಸು ಹೊಳವು (ಮಳೆ ಬಿಡುವು) ಸಿಕ್ಕಿತು ಅಂದ್ರೆ ಆ ಒಂದು ತಾಸಲ್ಲೇ ಕೆಲಸ ಆಗಬೇಕು. ನನ್ನ ಪೂರ್ತಿ ಪದ್ಧತಿ ನಿಂತಿರೋದು ಈ ಒಂದು ತಾಸಿನ ಮೇಲೆ.

ಸಮಸ್ಯೆ ಎಲ್ಲಿ ಅಂದ್ರೆ ನಮ್ಮ ಜೇನು ಗಟ್ಟಿ ಇರೋದು ಫೆಬ್ರವರಿಯಿಂದ ಮೇ ತನಕ, ಕಾಡಿನ ಹೂವು ಮುಗೀತು ಅಂದ್ರೆ ಕುಟುಂಬ ಇಳೀತಾ ಬರ್ತದೆ, ಯಾಲಕ್ಕಿ ಹೂ ಜೋರಿರೋ ಜುಲೈಯಲ್ಲಿ ಪೆಟ್ಟಿಗೆ ಒಳಗೆ ಎರಡು ಮುಷ್ಟಿ ಹುಳ ಇದ್ರೆ ಹೆಚ್ಚು. ಎಲ್ಲರೂ ಜೇನು ಸಾಕೋದು ತುಪ್ಪಕ್ಕೆ, ಮಳೆಗಾಲದಲ್ಲಿ ಜೀವ ಉಳಿದ್ರೆ ಸಾಕು ಅನ್ನೋ ಲೆಕ್ಕ. ನಂಗೆ ಬೇಕಾದದ್ದು ಇದರ ಉಲ್ಟಾ. ಕೇರಿಯ ಹಿರಿಯರೊಬ್ಬರು 'ತಮಾ, ತುಪ್ಪ ಬೇಕಾರೆ ಜೇನು ಸಾಕು, ಯಾಲಕ್ಕಿ ಬೇಕಾರೆ ಗೊಬ್ಬರ ಹಾಕು, ಎರಡ್ನೂ ಕಲಸಡ' ಅಂದಿದ್ರು. ಅವರ ಮಾತಿಗೂ ಕಾರಣ ಇತ್ತು, 1991-92ರಲ್ಲಿ ಜೇನಿನ ಮರಿ ಸಾಯಿಸೋ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂದು ಇಡೀ ದಕ್ಷಿಣ ಭಾರತದಲ್ಲಿ ತುಡುವೆ ಪೆಟ್ಟಿಗೆ ಖಾಲಿ ಆಗಿದ್ದನ್ನ ಅವರು ಕಣ್ಣಾರೆ ಕಂಡವರು. ನಮ್ಮ ಮನೆ ಪೆಟ್ಟಿಗೆಗಳೂ ಆಗಲೇ ಮೆತ್ತಿ (ಅಟ್ಟ) ಹತ್ತಿದ್ದು.

ಮೊದಲ ಸಲ ಹತ್ತು ಪೆಟ್ಟಿಗೆ ಮಾಡ್ಕಂಡೆ. ಮೆತ್ತಿ ಮೇಲಿನ ಹಳೇದು ನಾಕು ರಿಪೇರಿ, ಉಳಿದದ್ದು ಹೊಸದು, ಖಾಲಿ ಪೆಟ್ಟಿಗೆ ಆಗ 2200ರ ಹತ್ರ, ಜೇನು ಸಮೇತ ಅಂದ್ರೆ 4500. ಸ್ಟ್ಯಾಂಡು, ಸಾಗಾಟ ಎಲ್ಲ ಸೇರಿ ಮೂವತ್ತೈದು-ನಲವತ್ತು ಸಾವಿರ ಕೈಬಿಟ್ಟಿತು. ಮೇ ಕೊನೆಗೆ ತಂದಿಟ್ಟದ್ದು. ಆಗಸ್ಟಲ್ಲಿ ಉಳಿದದ್ದು ಮೂರು. ಎರಡು ಪರಾರಿ, ಎರಡು-ಮೂರಕ್ಕೆ ಮೇಣದ ಹುಳ ಬಿದ್ದು ಎರಿ (ಜೇನುಗೂಡಿನ ಮೇಣದ ತಟ್ಟೆ) ಎಲ್ಲ ಬಲೆ ಬಲೆ, ಉಳಿದದ್ದು ಇರುವೆ ಪಾಲು. ಮಾರಿದವರು ಕೊಟ್ಟ ಕುಟುಂಬಗಳಲ್ಲಿ ಹಳೇ ರಾಣಿ ಇತ್ತು, ಮೊಟ್ಟೆ ಚದುರಿ ಚದುರಿ ಇಡ್ತಿತ್ತು, ಅಂಥ ರಾಣಿ ಮಳೆಗಾಲ ದಾಟಿಸೋದಿಲ್ಲ. ಊರಲ್ಲಿ 'ಮಳ್ಳು ಹಿಡದ್ದು ಇವಂಗೆ' ಅಂತ ಮಾತಾಯ್ತು. ಮನೆಯಲ್ಲೂ ಸುಮ್ನಿರ್ಲಿಲ್ಲ, ಆ ದುಡ್ಡಲ್ಲಿ ಹಾಳೆ ತಟ್ಟೆ ಮೆಷಿನ್ ಬರ್ತಿತ್ತು ಅಂತ. ಆದ್ರೆ ಉಳಿದ ಮೂರು ಪೆಟ್ಟಿಗೆ ಇದ್ದ ಮೂಲೆಯ ಯಾಲಕ್ಕಿ ನೋಡಿದವನು ನಾನೊಬ್ಬನೇ. ಆ ಮೂಲೆಯಲ್ಲಿ ತೆನೆ ಬುಡದಿಂದ ಕಾಯಿ ಕಚ್ಚಿತ್ತು, ತೋಟದ ಆಚೆ ತುದಿಯಲ್ಲಿ ಎಂದಿನ ಹಾಗೆ. ಅದನ್ನ ನೋಡಿದ ಮೇಲೆ ಬಿಡೋ ಮಾತೇ ಇಲ್ಲ.

ಈಗ ಮಾಡೋದು ಹೀಗೆ. ಏಪ್ರಿಲ್ ಮಧ್ಯದ ನಂತರ ತುಪ್ಪ ತೆಗೆಯೋದಿಲ್ಲ. ಕೊನೇ ಸುತ್ತಿನ ಜೇನು ಕೊಠಡಿ ಹಾಗೇ ಅವಕ್ಕೇ. ಜೇನು ಸಾಕೋ ಸ್ನೇಹಿತರಿಗೆ ಇದನ್ನ ಕೇಳಿದ್ರೆ ಹೊಟ್ಟೆ ಉರೀತದೆ, ಪೆಟ್ಟಿಗೆಗೆ ಎರಡೂವರೆ-ಮೂರು ಕೆಜಿ ಬಿಡೋದು ಅಂದ್ರೆ ಸುಮ್ನೆ ಅಲ್ಲ. ಆದ್ರೆ ಸಕ್ಕರೆ ಪಾಕ ಕುಡಿದ ಜೇನಿಗೂ ತನ್ನ ತುಪ್ಪ ತಿಂದ ಜೇನಿಗೂ ಜುಲೈಯಲ್ಲಿ ಇರೋ ಗಟ್ಟಿತನ ನೋಡಿ, ನಂತರ ಮಾತಾಡಿ. ಮೇ ತಿಂಗಳಲ್ಲಿ ಬಡಕಲು ಕುಟುಂಬ ಎರಡನ್ನ ಒಂದು ಮಾಡ್ತೇನೆ, ಮಧ್ಯ ತೂತು ಹಾಕಿದ ಪೇಪರ್ ಇಟ್ಟು. ಹತ್ತು ಬಡಕಲು ಪೆಟ್ಟಿಗೆಗಿಂತ ಆರು ಗಟ್ಟಿ ಪೆಟ್ಟಿಗೆ ಸಾಕು. ಜೇನು ಕೂತು ಮುಚ್ಚದ ಎರಿ ಒಂದೂ ಒಳಗೆ ಇಡೋದಿಲ್ಲ, ಖಾಲಿ ಎರಿ ಇದ್ರೆ ಮೇಣದ ಹುಳಕ್ಕೆ ಮನೆ ಕೊಟ್ಟ ಹಾಗೆ. ರಾಣಿ ಅದರ ಹಿಂದಿನ ನವೆಂಬರ್-ಡಿಸೆಂಬರಿನ ಪಾಲಿಂದ ಬಂದದ್ದೇ ಇರಬೇಕು.

ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಎಲ್ಲರೂ ಪೆಟ್ಟಿಗೆ ಇಡೋದು ಮನೆ ಅಂಗಳದ ಮೂಲೇಲಿ, ನೋಡ್ಕಳ್ಲಿಕ್ಕೆ ಸುಲಭ. ತೋಟ ಮನೆಯಿಂದ ಕೆಳಗೆ ಎಲ್ಲೋ ಇರ್ತದೆ. ಬೇಸಗೆಯಲ್ಲಿ ಅದರಿಂದ ತೊಂದರೆ ಇಲ್ಲ, ತುಡುವೆ ಅಷ್ಟು ದೂರ ಸಲೀಸಾಗಿ ಹೋಗ್ತದೆ. ಮಳೆಗಾಲದಲ್ಲಿ ಒಂದು ತಾಸಿನ ಹೊಳವಿಗೆ ಅದು ಹತ್ತಿರದ ಹೂವಿಗೇ ಹೋಗೋದು. ಹಾಗಾಗಿ ಪೆಟ್ಟಿಗೆ ತೋಟದ ಅಂಚಿಗೇ ಬರಬೇಕು, ಆದ್ರೆ ತೋಟದ ಒಳಗಲ್ಲ, ಒಳಗೆ ಕತ್ತಲೆ, ಶೀತ, ಎರಿ ಬೂಷ್ಟು ಹಿಡೀತದೆ. ದರೆ (ಕಡಿದಾದ ಮಣ್ಣಿನ ಗೋಡೆ) ಬದಿಗೆ, ಬೆಳಗಿನ ಬೆಳಕು ಮೊದಲು ಬೀಳೋ ಕಡೆ, ಬಾಯಿ ಪೂರ್ವಕ್ಕೆ, ಪೆಟ್ಟಿಗೆ ಸ್ವಲ್ಪ ಮುಂದಕ್ಕೆ ಬಾಗಿರಬೇಕು ನೀರು ಒಳಗೆ ನಿಲ್ಲದ ಹಾಗೆ. ಮೇಲೆ ತಗಡು, ತಗಡಿನ ಮೇಲೆ ಸೋಗೆ (ಅಡಿಕೆ ಗರಿ), ಇಲ್ದಿದ್ರೆ ಮಳೆ ಸದ್ದಿಗೇ ಕುಟುಂಬ ಕಂಗಾಲು. ನಮ್ಮ ತುಡುವೆ ಸಣ್ಣ ಜಿಟಿ ಜಿಟಿಯಲ್ಲೂ ಹೊರಗೆ ಬೀಳೋದನ್ನ ನಾನು ಎಷ್ಟೋ ಸಲ ನೋಡಿದ್ದೇನೆ, ಮಳೇಲಿ ಹಾರೋದೇ ಇಲ್ಲ ಅನ್ನೋದು ಬೆಚ್ಚಗೆ ಮನೇಲಿ ಕೂತವರ ಮಾತು. ಬಯಲುಸೀಮೆ ಕಡೆಯಿಂದ ಮೆಲ್ಲಿಫೆರಾ (ಯುರೋಪಿನ ಜೇನು) ತಂದು ನೋಡಿದವರು ಇದ್ದಾರೆ, ಹುಳ ದೊಡ್ಡದು ತುಪ್ಪ ಜಾಸ್ತಿ ಅಂತ, ನಮ್ಮ ಮಳೆಗೆ ಅದು ನಿಲ್ಲಲಿಲ್ಲ.

ಇರುವೆಗೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡೋದು ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಬಟ್ಟಲಿಗೆ ಸೋಗೆ ಕಡ್ಡಿ, ದರಕು ಬಿದ್ದು ಅದೇ ಸೇತುವೆ ಆಗ್ತದೆ, ಚಗಳಿ ಸಾಲು ಹಿಡಿದು ಹತ್ತಿ ಬರ್ತದೆ. ನಾನು ತೆಂಗಿನ ಗರಟೆಯ ತಳಕ್ಕೆ ತೂತು ಮಾಡಿ ಕಾಲಿಗೆ ಮಗುಚಿ ತೂರಿಸಿ, ಗರಟೆಯ ಒಳಮೈಗೆ ಗ್ರೀಸ್ ಮೆತ್ತಿದೆ. ಮಳೆ ತಾಗೋದಿಲ್ಲ, ಕಸ ಬೀಳೋದಿಲ್ಲ, ಎರಡು ತಿಂಗಳು ಅದರ ಕಡೆ ನೋಡಬೇಕಾಗಿಲ್ಲ.

ಅತಿ ಮಳೆ ಹಿಡ್ಕಂಡಾಗ ಮಾತ್ರ ಪಾಕ ಕೊಡ್ತೇನೆ, ಸಕ್ಕರೆ ನೀರು ಸಮಸಮ, ಸಂಜೆ ಮೇಲೆ. ಹಗಲು ಕೊಟ್ರೆ ಒಂದು ಪೆಟ್ಟಿಗೆಯದ್ದು ಇನ್ನೊಂದಕ್ಕೆ ಲೂಟಿಗೆ ನುಗ್ತದೆ. ಪಾಕದಿಂದ ಹೊಟ್ಟೆ ತುಂಬ್ತದೆ, ಮರಿ ಬೆಳೆಯೋದಿಲ್ಲ, ಮರಿಗೆ ಪರಾಗವೇ ಬೇಕು. ಜುಲೈಯಲ್ಲಿ ಪರಾಗ ಸಿಗೋದು ಕಷ್ಟ, ನಾಚಿಕೆ ಮುಳ್ಳು ಹೂ ಬಿಡೋದು ಇನ್ನೂ ಮುಂದೆ. ಅದಕ್ಕೆ ಹುರಿದ ಸೋಯಾ ಹಿಟ್ಟಿಗೆ ಜೇನುತುಪ್ಪ ಕಲಸಿ ಉಂಡೆ ಮಾಡಿ ಚೌಕಟ್ಟಿನ ಮೇಲೆ ಇಡೋದು ಹಲವರು ಮಾಡ್ತಾರೆ, ಅರ್ಧಕ್ಕರ್ಧ ಜೇನು ಅದನ್ನ ಮುಟ್ಟೋದೇ ಇಲ್ಲ. ನಾನು ಅದಕ್ಕೆ ಇನ್ನೊಂದು ಸೇರಿಸ್ತೇನೆ, ಅದು ಸೇರಿದ್ರೆ ಎರಡು ದಿನಕ್ಕೆ ಉಂಡೆ ಖಾಲಿ. ಅದು ಎಂತದು ಅಂತ ಇಲ್ಲಿ ಬರೆಯೋದಿಲ್ಲ, ಮನೆಗೆ ಬಂದವರಿಗೆ ತೋರಿಸ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ವರ್ಷ ಎಡವಟ್ಟಾದದ್ದು ಮದ್ದಿನ ವಿಷಯಕ್ಕೆ. ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯೋದೂ ಹೊಳವು ನೋಡಿ, ಜೇನು ಹಾರೋದೂ ಅದೇ ಹೊಳವಿಗೆ. ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಮೇಲೆ ಅಡಿಕೆ ಗೊನೆಗೆ ಹೊಡೆದದ್ದು ಕೆಳಗೆ ತೊಟ್ಟಿಕ್ಕೋದು ಅರಳಿದ ಯಾಲಕ್ಕಿ ಹೂವಿನ ಮೇಲೇ. ಮೈಲುತುತ್ತದ ನೀರು ಬಿದ್ದ ಹೂವಲ್ಲಿ ಕಾಯಿ ಕಚ್ಚಿದ್ದು ನಾನು ನೋಡ್ಲಿಲ್ಲ. ಹಾಗಂತ ಬೋರ್ಡೋ ಬಿಡ್ಲಿಕ್ಕೆ ಬರ್ತದಾ, ಕೊಳೆ ಬಂದ್ರೆ ಅಡಿಕೆನೇ ಇಲ್ಲ. ಮರ ಹತ್ತಿ ಮದ್ದು ಹೊಡೆಯೋ ಕೊನೆಗೌಡನ ಹತ್ರ ಹನ್ನೊಂದು ಗಂಟೆ ಮೇಲೆ ಹತ್ತು ಮಾರಾಯ ಅಂದ್ರೆ, 'ಹೆಗಡೇರೆ, ಹೊಳವು ಬಿದ್ದಾಗ ಹೊಡಿದೆ ಮತ್ಯಾವಾಗ ಹೊಡೂದು, ನಂಗೆ ಮತ್ತೆರಡು ತೋಟ ಅದೆ' ಅಂದ. ಅವನು ಹೇಳೋದು ಸರಿನೇ. ಕೊನೆಗೆ ಒಪ್ಪಂದ ಆದದ್ದು ಹೀಗೆ, ಬೆಳಿಗ್ಗೆ ಯಾಲಕ್ಕಿ ಇಲ್ಲದ ಮೇಲಿನ ತುಂಡಿಗೆ ಹೊಡಿಯೋದು, ಹನ್ನೊಂದರ ನಂತರ ಯಾಲಕ್ಕಿ ಇರೋ ಕಡೆ, ದಿನಕ್ಕೆ ಇನ್ನೂರು ರೂಪಾಯಿ ಜಾಸ್ತಿ. ಹಿಂದಿನ ರಾತ್ರಿ ಆ ಬದಿಯ ಪೆಟ್ಟಿಗೆ ಮುಚ್ಚೋದೂ ಬೇಕಾಗಿಲ್ಲ ಈಗ. ಈಗ ಅವನೇ ಮರದ ಮೇಲಿಂದ ಕೂಗಿ ಹೇಳ್ತಾನೆ, 'ಹುಳ ಇನ್ನೂ ಆಡ್ತಾ ಅದೆ, ತಡೀರಿ' ಅಂತ.

ನಿಜವಾದ ವಿಷ ಬೋರ್ಡೋ ಅಲ್ಲ. ಬೇಸಗೆಯಲ್ಲಿ ಸಿಂಗಾರ (ಅಡಿಕೆಯ ಹೂಗೊಂಚಲು) ತಿನ್ನೋ ಹುಳಕ್ಕೆ ಅಂತ ಸಿಂಗಾರದ ಮೇಲೇ ಇಮಿಡಾಕ್ಲೋಪ್ರಿಡ್ ಕೀಟನಾಶಕ, ಇನ್ನೊಂದು ಮತ್ತೊಂದು ಹೊಡೀತಾರಲ್ಲ, ಅದು. ಅಡಿಕೆಗೆ ಪರಾಗ ಗಾಳಿಯಲ್ಲೇ ಮುಖ್ಯವಾಗಿ ಸಾಗ್ತದೆ, ಜೇನು ಇಲ್ಲದಿದ್ರೂ ಅಡಿಕೆ ಆಗ್ತದೆ ಒಪ್ತೇನೆ, ಮೆಣಸಿಗಂತೂ ಮಳೆ ನೀರು ಇಳಿದ್ರೆ ಸಾಕು. ಆದ್ರೆ ಜೇನಿಗೆ ಸಿಂಗಾರ ಬೇಕು, ಗಂಡು ಹೂ ಉದುರೋ ದಿನಗಳಲ್ಲಿ ಕಾಲಿಗೆ ಪರಾಗದ ಉಂಡೆ ಕಟ್ಕಂಡು ಬರ್ತದೆ. ಒಂದು ಮಾರ್ಚಲ್ಲಿ ಪಕ್ಕದ ಕೇರಿಯಲ್ಲಿ ಹೊಡೆದ ಮರುದಿನ ನನ್ನ ಎರಡು ಪೆಟ್ಟಿಗೆ ಬಾಯಲ್ಲಿ ರಾಶಿ ಹುಳ ನಾಲಿಗೆ ಹೊರಗೆ ಚಾಚ್ಕಂಡು ಸತ್ತು ಬಿದ್ದಿತ್ತು, ಕೆಲವು ಇನ್ನೂ ತಿರುಗಣಿ ಹಾಗೆ ಸುತ್ತುತ್ತಿತ್ತು. ನಂಗೆ ಆ ದಿನ ಊಟ ಸೇರ್ಲಿಲ್ಲ. ಜಗಳ ಮಾಡಿ ಪ್ರಯೋಜನ ಇರ್ಲಿಲ್ಲ, ಅವರನ್ನ ಕರ್ಕಂಡು ಬಂದು ತೋರಿಸಿದೆ. ಅವರಿಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ, ಹುಳಕ್ಕೆ ಅಂತ ಹೊಡೆದದ್ದು ಜೇನಿಗೂ ತಾಗ್ತದೆ ಅಂತ ಅಂಗಡಿಯಲ್ಲಿ ಯಾರೂ ಹೇಳಿರ್ಲಿಲ್ಲ. ಈಗ ಅವರು ಹೊಡಿಯೋದಿದ್ರೆ ಹಿಂದಿನ ದಿನ ಫೋನ್ ಮಾಡ್ತಾರೆ, ಸಂಜೆ ಹೊಡೀತಾರೆ.

ದುಡ್ಡಿನ ಲೆಕ್ಕ, ಬಾಯಿ ಲೆಕ್ಕ ಅಷ್ಟೇ, ಪುಸ್ತಕ ನೋಡಿ ಬರೆದದ್ದಲ್ಲ. ಹಿಂದೆ 22-25 ಕೆಜಿ ಇದ್ದದ್ದು ಎರಡನೇ ಹಂಗಾಮಿಗೆ ನಲವತ್ತರ ಹತ್ರ ಬಂತು, ಈಗ ಅರವತ್ತರ ಆಚೆ ಈಚೆ ನಿಂತಿದೆ. ಹೋದ ವರ್ಷ ಮಳೆ ಬಿಡದೇ ಹೊಡೆದದ್ದಕ್ಕೆ ಒಂದು ನಾಲ್ಕೈದು ಕೆಜಿ ಕಮ್ಮಿ. ಕಾಯಿಯ ಗಾತ್ರವೂ ಬದಲಾಗಿದೆ, ಒಡೆದು ನೋಡಿದ್ರೆ ಒಳಗೆ ಬೀಜ ತುಂಬಿರ್ತದೆ, ಮೊದಲು ಅರ್ಧ ಟೊಳ್ಳು. ಗ್ರೇಡಲ್ಲಿ ಕೆಜಿಗೆ ಇನ್ನೂರು-ಮುನ್ನೂರು ಹೆಚ್ಚು ಸಿಗ್ತದೆ. 2019ರ ಹಾಗೆ ರೇಟು ಇದ್ದಿದ್ರೆ ಬೇರೆ ಮಾತಾಗಿತ್ತು, ಕೆಜಿಗೆ ಎರಡು ಸಾವಿರ ಹಿಡಿದ್ರೂ ಹೆಚ್ಚಾದ 35 ಕೆಜಿಗೆ ಎಪ್ಪತ್ತು ಸಾವಿರ. ತೆಗೆಯದೇ ಬಿಟ್ಟ ತುಪ್ಪ ಹನ್ನೆರಡು ಸಾವಿರದ್ದು, ಸಕ್ಕರೆ, ಹಿಟ್ಟು, ಕೊನೆಗೌಡನ ಹೆಚ್ಚಿನ ಸಂಬಳ ಎಲ್ಲ ಸೇರಿ ನಾಕು ಸಾವಿರ. ಐವತ್ತು ಸಾವಿರದ ಮೇಲೆ ಕೈಯಲ್ಲಿ ನಿಲ್ತದೆ, ಹೊಸ ಗಿಡ ಒಂದೂ ನೆಡದೇ. ಬೇಸಗೆಯ ಮೊದಲ ಸುತ್ತಿನ ತುಪ್ಪ ಬೇರೆ.

ಇದರ ಜೊತೆ ಅಲ್ಲಿ ಇಲ್ಲಿ ಕೈ ಆಡಿಸಿದ್ದೂ ಇದೆ. ಮನೆ ಹಿಂದಿನ ದರೆಯಲ್ಲಿ ಸಣ್ಣ ಸಣ್ಣ ತೂತು, ಅದರಲ್ಲಿ ಹೊಟ್ಟೆ ಮೇಲೆ ನೀಲಿ ಪಟ್ಟೆ ಇರೋ ಒಂಟಿ ಜೇನು ಗೂಡು ಮಾಡ್ತದೆ. ತುಪ್ಪ ಕೊಡೋದಿಲ್ಲ, ಕಚ್ಚೋ ಗೋಜಿಗೂ ಹೋಗೋದಿಲ್ಲ, ಹಾಗಾಗಿ ಯಾರಿಗೂ ಅದರ ಹೆಸರು ಬೇಡ. ಬದನೆ ಹೂವನ್ನ ತಬ್ಬಿ ಹಿಡಿದು ಝಂಯ್ ಅಂತ ಮೈ ನಡುಗಿಸ್ತದೆ, ಆಗ ಕೊಳವೆಯ ಹಾಗಿರೋ ಪರಾಗ ಕೋಶದ ತುದಿಯ ತೂತಿಂದ ಹುಡಿ ಉದುರ್ತದೆ. ತುಡುವೆಗೆ ಈ ವಿದ್ಯೆ ಬರೋದಿಲ್ಲ. ಪ್ರತಿ ವರ್ಷ ಚಾಂದ ಕಾಣಲಿ ಅಂತ ದೀಪಾವಳಿ ಮುಂದೆ ದರೆ ಕೆತ್ತಿಸ್ತಿದ್ವಿ, ಅದನ್ನ ನಿಲ್ಲಿಸಿದ ಮೇಲೆ ಹಿತ್ಲ ಬದನೆ ಗಿಡದಲ್ಲಿ ಹೂ ಉದುರೋದು ಕಮ್ಮಿ ಆಗಿದೆ. ನಮ್ಮ ಮನೆಯವಳು ಲೆಕ್ಕ ಇಟ್ಟದ್ದಲ್ಲ, ಆದ್ರೆ ಪೇಟೆಯಿಂದ ಬದನೆ ತರಲಿಕ್ಕೆ ಹೇಳೋದು ಬಿಟ್ಟಿದ್ದಾಳೆ.

ಮಿಸರಿ ಬಿದಿರು ಅಂಡೆಯಲ್ಲಿ ನಾಕೈದು ಇವೆ. ಯಾಲಕ್ಕಿ ಹೂವಿಗೆ ಬರ್ತದೆ, ಆದ್ರೆ ಮೈ ಸಣ್ಣದು, ಪರಾಗ ಕಿತ್ಕಂಡು ಬದಿಯಿಂದಲೇ ಹೋಗ್ತದೆ, ತುಡುವೆಯಷ್ಟು ಕೆಲಸ ಅದರಿಂದ ಆಗೋದಿಲ್ಲ ಅಂತ ನಾನು ಕಂಡದ್ದು. ಅದರ ತುಪ್ಪಕ್ಕೆ ರೇಟು ಜಾಸ್ತಿ, ಮೊಗೆಕಾಯಿ, ಸೌತೆ ಬಳ್ಳಿಗೆ ಒಳ್ಳೇದು, ಅದಕ್ಕೆ ಇಟ್ಟದ್ದು. ಖಾಲಿ ಅಂಡೆಗೆ ಮಿಸರಿ ತಾನಾಗಿ ಬಂದು ಕೂರೋ ಹಾಗೆ ಬಾಯಿಗೆ ಒಂದು ಸವರ್ತೇನೆ, ಅದೂ ಸದ್ಯಕ್ಕೆ ನನ್ನ ಹತ್ರವೇ ಇರ್ಲಿ.

ಕೊಕ್ಕೋದ ಕತೆ ಬೇರೆ. 2024ರ ಬೇಸಗೆಯಲ್ಲಿ ಕೊಕ್ಕೋ ರೇಟು ಏರಿದಾಗ ಕೇಳಿದವರೆಲ್ಲ ಜೇನು ಪೆಟ್ಟಿಗೆ ಇಟ್ರೆ ಕೊಕ್ಕೋನೂ ಜಾಸ್ತಿ ಆಗ್ತದಾ ಅಂತ. ಆಗೋದಿಲ್ಲ. ಕೊಕ್ಕೋ ಹೂ ಅಷ್ಟು ಸಣ್ಣದು, ಅದರೊಳಗೆ ಹೋಗೋದು ಗುಂಗುರಿಗಿಂತ ಸಣ್ಣ ಒಂದು ಜಾತಿ ನೊಣ, ಅದು ಮರಿ ಮಾಡೋದು ಕೊಳೆತ ಕಸದಲ್ಲಿ. ತೋಟ ಚೊಕ್ಕ ಮಾಡಿ ಬುಡ ಕೆರೆದು ಇಡೋರ ಕೊಕ್ಕೋ ಕಾಯಿ ಕಮ್ಮಿ ಕಚ್ಚೋದಕ್ಕೆ ಇದೂ ಒಂದು ಕಾರಣ. ನಾನು ಬಾಳೆ ಕಂಬ ಬಿಲ್ಲೆ ಬಿಲ್ಲೆ ಕತ್ತರಿಸಿ, ಒಡೆದ ಕೊಕ್ಕೋ ಸಿಪ್ಪೆ ಸೇರಿಸಿ ಮರದ ಬುಡದಿಂದ ಎರಡು ಮಾರು ದೂರ ಅಲ್ಲಲ್ಲಿ ಗುಪ್ಪೆ ಹಾಕ್ತೇನೆ. ಕೊಳೆ ಬಂದ ಕಾಯಿಯ ಸಿಪ್ಪೆ ಮಾತ್ರ ಅಲ್ಲಿ ಹಾಕಬಾರದು, ಅದನ್ನ ಹೊರಗೆ ಹೂಳಬೇಕು. ಗುಪ್ಪೆ ಇದ್ದ ಮರಗಳಲ್ಲಿ ಕಾಂಡದ ಮೇಲೆ ಮಿಡಿ ಜಾಸ್ತಿ ಕಂಡಿದೆ, ಅದರಲ್ಲಿ ಎಷ್ಟೋ ಮಿಡಿ ಕಪ್ಪಾಗಿ ಒಣಗ್ತದೆ, ಅದು ಗಿಡದ ಶಕ್ತಿಯ ಪ್ರಶ್ನೆ. ಇನ್ನೂ ಒಂದೆರಡು ವರ್ಷ ನೋಡಬೇಕು.

ಅಂಕೋಲೆಯ ಸ್ನೇಹಿತನೊಬ್ಬನದ್ದು ಕರಿ ಇಶಾಡ ಮಾವು, 2023ರಲ್ಲಿ ಜಿಐ (ಭೌಗೋಳಿಕ ಗುರುತು) ಸಿಕ್ಕಿತಲ್ಲ ಅದೇ. ಮಾವಿನ ಹೂವಿಗೆ ಜೇನಿಗಿಂತ ನೊಣಗಳ ಓಡಾಟವೇ ಜಾಸ್ತಿ ಅಂದಿದ್ದಕ್ಕೆ ಮೊದಲು ಅವನು ನಂಬ್ಲಿಲ್ಲ, ಹೂ ಬಿಟ್ಟಾಗ ನೊಣ ಓಡಿಸ್ಲಿಕ್ಕೆ ಮದ್ದು ಹೊಡೆಯೋ ಪೈಕಿ ಅವನು. ಒಂದು ಬೆಳಿಗ್ಗೆ ಮರದ ಕೆಳಗೆ ಕೂತು ನೋಡು ಅಂದೆ. ನೋಡಿದ ಮೇಲೆ ಅವನೇ ಮೀನಿನ ತಲೆ, ಬಾಲ ಡಬ್ಬಿಯಲ್ಲಿ ಹಾಕಿ ಎರಡು ಮರದ ಕೆಳಗೆ ಇಟ್ಟ. ಕರಾವಳಿಯಲ್ಲಿ ಅದಕ್ಕೆಂತ ಬರ. ಮೊದಲ ವರ್ಷ ಆ ಮರಗಳಲ್ಲಿ ಕಾಯಿ ಚೆನ್ನಾಗಿ ನಿಂತಿತು, ಎರಡನೇ ವರ್ಷ ಮೋಡ ಮುಸುಕಿ ಜಿಗಿಹುಳ ಬಿದ್ದು ಎಲ್ಲ ಮರದ್ದೂ ಹೋಯ್ತು, ಹಾಗಾಗಿ ಇಂತಿಷ್ಟು ಅಂತ ಹೇಳ್ಲಿಕ್ಕೆ ಬರೋದಿಲ್ಲ. ವಾಸನೆಗೆ ಅವನ ಹೆಂಡತಿ ಮಾತ್ರ ನನ್ನ ಮೇಲೆ ಸಿಟ್ಟಾಗಿದ್ದಾಳೆ.

ಪಾಲು ಕೇಳ್ಕಂಡು ಬಂದವರಿಗೆ ನಾನು ಮೇ ತಿಂಗಳಲ್ಲಿ ಕೊಡೋದಿಲ್ಲ ಅಂದಿದ್ದೇನೆ, ಎಷ್ಟು ದುಡ್ಡು ಕೊಟ್ರೂ. ಮಳೆ ಹಿಡಿಯೋ ಮುಂದೆ ಪಾಲು ತಗಂಡು ಹೋದ್ರೆ ಅವರ ದುಡ್ಡೂ ಹೋಗ್ತದೆ, ಜೇನೂ ಹೋಗ್ತದೆ. ದೀಪಾವಳಿ ಕಳೆದ ಮೇಲೆ ಬರಲಿ, ಹೊಸ ರಾಣಿ ಇರೋ ನಾಕು ಎರಿ ಕುಟುಂಬ 2500ಕ್ಕೆ ಕೊಡ್ತೇನೆ, ಪೆಟ್ಟಿಗೆ ಅವರದ್ದೇ. ಒಂದೇ ಷರತ್ತು, ಅವರ ಕೇರಿಯಲ್ಲಿ ಸಿಂಗಾರಕ್ಕೆ ಮದ್ದು ಹೊಡಿಯೋರ ಹತ್ರ ಮೊದಲು ಮಾತಾಡಿ ಬಂದಿರಬೇಕು. ಒಬ್ಬರು ಆಗಲೇ ಮಾತಾಡಿ ಬಂದಿದ್ದಾರೆ, ಇನ್ನೊಬ್ಬರಿಗೆ ಪಕ್ಕದ ತೋಟದವರ ಜೊತೆ ಬೇಲಿ ಜಗಳ, ಅದು ಬಗೆಹರಿದ ಮೇಲೆ ನೋಡಬೇಕು.